ಪೊದೆ ಬೆಳೆದ ಜಾಗ ಸವರಿಕೊಡುವ ಸೇವೆ: ಐದು ನಕ್ಷತ್ರ ಕೊಡುವ ಮುಂಚೆ

ಮಷೀನು ಹೊರಟುಹೋದ ಸಂಜೆ ನೆಲ ಗುಡಿಸಿಟ್ಟ ಅಂಗಳದ ಹಾಗೆ ಬೋಳಾಗಿ ಕಂಡರೆ ಸಾಕು, ಹೆಚ್ಚಿನವರು ಐದಕ್ಕೆ ಐದು ನಕ್ಷತ್ರ ಕೊಟ್ಟುಬಿಡುತ್ತಾರೆ. ಒಂದು ಮಳೆಗಾಲ ಕಳೆಯಲಿ, ಆಗ ಗೊತ್ತಾಗುತ್ತದೆ ಕೆಲಸದ ತೂಕ. ಬುಡ ಉಳಿದಿದ್ದರೆ ಒಂದು ಕಾಂಡ ಇದ್ದ ಕಡೆ ಎಂಟು ಹತ್ತು ಚಿಗುರು ಎದ್ದಿರುತ್ತವೆ. ಮೇಲ್ಮಣ್ಣು ಕೆರೆದುಹೋಗಿದ್ದರೆ ಹುಲ್ಲೂ ಹುಟ್ಟದೆ ನೆಲ ಕೊರಕಲು ಬಿದ್ದಿರುತ್ತದೆ. ಹಾಗಾಗಿ ಈ ವಿಮರ್ಶೆಯಲ್ಲಿ ಬೋಳು ನೆಲಕ್ಕೆ ಅಂಕ ಇಲ್ಲ. ಯಾವ ಬಗೆಯ ತಂಡ, ಯಾವ ಯಂತ್ರ, ಯಾವ ಕರಾರು ನೆಲದಲ್ಲಿ ಏನನ್ನು ಉಳಿಸಿಹೋಗುತ್ತದೆ ಎಂಬುದನ್ನು ನೋಡಿ ಅಂಕ ಕೊಟ್ಟಿದೆ.

ಮೊದಲ ಗೊಂದಲ ಹೆಸರಿನಲ್ಲೇ ಇದೆ. "ಜಾಗ ಕ್ಲೀನ್ ಮಾಡಿಕೊಡ್ತೀವಿ" ಎನ್ನುವ ಒಂದು ಮಾತಿನ ಕೆಳಗೆ ಐದು ಬೇರೆ ಬೇರೆ ಕೆಲಸಗಳಿವೆ: ನೆಲಮಟ್ಟಕ್ಕೆ ಕಡಿಯುವುದು, ಬೇರುಸಹಿತ ಕೀಳುವುದು, ಕಡಿದದ್ದನ್ನು ಅಲ್ಲೇ ಪುಡಿ ಮಾಡಿ ಹರಡುವುದು, ಕಸವನ್ನು ಹೊರಗೆ ಸಾಗಿಸುವುದು, ಗುಂಡಿ ಮುಚ್ಚಿ ಮಟ್ಟ ಮಾಡುವುದು. ಒಬ್ಬರ ಕೊಟೇಶನ್ ಇನ್ನೊಬ್ಬರದಕ್ಕಿಂತ ಅರ್ಧಕ್ಕರ್ಧ ಕಡಿಮೆ ಬಂದರೆ ಅವರು ಅಗ್ಗ ಎಂದು ಹಿಗ್ಗಬೇಡಿ. ಈ ಐದರಲ್ಲಿ ಎರಡನ್ನು ಅವರು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಸಾಮಾನ್ಯವಾಗಿ ಬಿಟ್ಟುಹೋಗುವುದು ಕೊನೆಯ ಎರಡು.

ಯಾವ ಕೆಲಸ ಬೇಕು ಎಂಬುದನ್ನು ಆ ಜಾಗದಲ್ಲಿ ಮುಂದೆ ಏನು ಮಾಡುತ್ತೀರಿ ಎಂಬುದು ತೀರ್ಮಾನಿಸುತ್ತದೆ. ಕಟ್ಟಡ ಏಳುವ ಜಾಗವಾದರೆ ಬೊಡ್ಡೆ, ಬೇರು ಎಲ್ಲ ಹೊರಗೆ ಬರಲೇಬೇಕು. ತೋಟ ಮಾಡುವುದಾದರೆ ಕಳೆಗಿಡಗಳ ಬುಡ ಹೋಗಬೇಕು, ಮಣ್ಣು ಕದಲಬಾರದು. ಬೆಂಕಿ, ಹಾವಿನ ಭಯಕ್ಕಾಗಿ ಸುಮ್ಮನೆ ತೆರವು ಮಾಡುವುದಾದರೆ ನೆಲಮಟ್ಟಕ್ಕೆ ಕಡಿದು ವರ್ಷಕ್ಕೆ ಎರಡು ಸಲ ಸವರಿದರೆ ಸಾಕು. ಅದಕ್ಕೆ ದೊಡ್ಡ ಮಷೀನು ತರಿಸುವುದು ದಂಡ. ಈ ಪ್ರಶ್ನೆಯನ್ನು ಗುತ್ತಿಗೆದಾರರು ತಾವಾಗಿಯೇ ಕೇಳಿದರೆ ಅರ್ಧ ನಂಬಬಹುದು. ಕೇಳದೆ ನೇರವಾಗಿ "ಎಷ್ಟು ಎಕರೆ?" ಎಂದರೆ ಹುಷಾರಾಗಿರಿ.

ತಂಡ ಮತ್ತು ಯಂತ್ರ: ಒಂದೊಂದರ ಗುಣ ದೋಷ

ಬ್ರಷ್ ಕಟರ್ ಮತ್ತು ಚೈನ್ ಸಾ ಹಿಡಿದು ಬರುವ ಮೂರು ನಾಲ್ಕು ಜನರ ತಂಡವನ್ನು ಹಲವರು ಹಳೆಯ ಕಾಲದ್ದು ಎಂದು ತಳ್ಳಿಹಾಕುತ್ತಾರೆ. ಅರ್ಧ ಎಕರೆಯೊಳಗಿನ ಜಾಗಕ್ಕೆ, ಉಳಿಸಬೇಕಾದ ಮರಗಳ ನಡುವಿನ ಕೆಲಸಕ್ಕೆ, ಇಳಿಜಾರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಗಮನಿಸಬೇಕಾದ್ದು ಬ್ಲೇಡು. ಹುಲ್ಲಿಗೆ ನೈಲಾನ್ ದಾರ, ಪೊದೆಗೆ ಮೂರು ಹಲ್ಲಿನ ಬ್ಲೇಡು, ಬೆರಳಿಗಿಂತ ದಪ್ಪ ಕಾಂಡಕ್ಕೆ ಗರಗಸದಂಥ ಬಹುಹಲ್ಲಿನ ಬ್ಲೇಡು. ಎಲ್ಲಕ್ಕೂ ಒಂದೇ ಬ್ಲೇಡು ಹಾಕಿ ಬೀಸುವವರು ಕಾಂಡವನ್ನು ಕತ್ತರಿಸುವುದಿಲ್ಲ, ಸೀಳುತ್ತಾರೆ.

ಇನ್ನೊಂದು ಸಣ್ಣ ವಿಷಯ, ಆದರೆ ತಂಡದ ಕಸುಬು ಇಲ್ಲೇ ಬಯಲಾಗುತ್ತದೆ. ಕತ್ತಿಯಿಂದ ಓರೆಯಾಗಿ ಕೊಚ್ಚಿದ ಗಟ್ಟಿ ಕಾಂಡ ನೆಲದಿಂದ ನಾಲ್ಕು ಬೆರಳು ಮೇಲೆ ಈಟಿಯ ಮೊನೆಯಂತೆ ನಿಲ್ಲುತ್ತದೆ. ಒಣಗಿದ ಮೇಲೆ ಆ ಕೂಳೆ ಟ್ರ್ಯಾಕ್ಟರಿನ ಟೈರನ್ನೂ ತೂರುತ್ತದೆ, ಚಪ್ಪಲಿಯ ಅಟ್ಟೆಯನ್ನೂ ತೂರುತ್ತದೆ. ಜಾಲಿಯಲ್ಲಂತೂ ಇದು ಖಂಡಿತ. ಕಾಂಡವನ್ನು ನೆಲಕ್ಕೆ ತಾಗಿಸಿ ಅಡ್ಡಲಾಗಿ, ಮಟ್ಟಸವಾಗಿ ಕತ್ತರಿಸಬೇಕು ಎಂದು ಮೊದಲೇ ಹೇಳಿ. ಮಧ್ಯಾಹ್ನ ಒಮ್ಮೆ ಹೋಗಿ ಹತ್ತು ಬುಡ ಮುಟ್ಟಿ ನೋಡಿ.

ಜೆಸಿಬಿ ಎಂದು ಎಲ್ಲರೂ ಕರೆಯುವ ಬ್ಯಾಕ್‌ಹೋ ಲೋಡರ್ ಸುಲಭವಾಗಿ ಸಿಗುತ್ತದೆ, ಚಕ್ರದ ಮೇಲೆ ತಾನೇ ಓಡಿಬರುವುದರಿಂದ ಸಾಗಣೆ ಖರ್ಚು ಕಡಿಮೆ. ಹಿಂದಿನ ತೋಳಿನಿಂದ ಬೊಡ್ಡೆ ಕೀಳಿಸಲು ಇದು ಚೆನ್ನ. ಮುಂದಿನ ಅಗಲ ಬಕೆಟ್‌ನಿಂದ ಪೊದೆ ತಳ್ಳಿಸಿದರೆ ಮಾತ್ರ ಅನಾಹುತ. ಆ ಬಕೆಟ್ ಮಣ್ಣು, ಜಲ್ಲಿ ಬಾಚಿ ಎತ್ತಲೆಂದು ಮಾಡಿದ್ದು. ಅದರ ಅಂಚಿನಲ್ಲಿ ಸಂದಿಯೇ ಇಲ್ಲ, ಗಿಡದ ಜತೆ ಮಣ್ಣೂ ಬರುತ್ತದೆ. ಇದಕ್ಕೆ ಐದರಲ್ಲಿ ಎರಡೂವರೆ. ಮುಂದಿನ ಬಕೆಟ್ ನೆಲಕ್ಕೆ ಇಳಿಸದೆ ಕೆಲಸ ಮಾಡುವ ಆಪರೇಟರ್ ಸಿಕ್ಕರೆ ಮೂರೂವರೆ.

ಚೈನ್ ಮೇಲೆ ಓಡುವ ಎಕ್ಸ್‌ಕವೇಟರ್, ಅಂದರೆ ಜನ ಹಿಟಾಚಿ ಎನ್ನುವುದು, ಬೇರೆ ಜಾತಿ. ಅದಕ್ಕೆ ಬಕೆಟ್ ಬದಲು ಬೇರು ಬಾಚುವ ರೇಕ್ ಹಾಕಿದರೆ ಹಲ್ಲುಗಳ ನಡುವಿನ ಒಂದು ಗೇಣಿನಷ್ಟು ಸಂದಿಯಿಂದ ಮಣ್ಣು ಕೆಳಗೆ ಸುರಿದು ಬೇರು ಮಾತ್ರ ಮೇಲೆ ಬರುತ್ತದೆ. ಬಕೆಟ್‌ಗೆ ಎದುರಾಗಿ ಹಿಡಿಯುವ ಥಂಬ್ ಇದ್ದರೆ ಇನ್ನೂ ಉತ್ತಮ. ಬುಡವನ್ನು ಇಕ್ಕಳದಲ್ಲಿ ಹಿಡಿದಂತೆ ಹಿಡಿದು ಎತ್ತಿ, ಎರಡು ಸಲ ಕೊಡವಿ, ಮಣ್ಣು ಅಲ್ಲೇ ಉದುರಿಸಿ ಆಮೇಲೆ ರಾಶಿಗೆ ಹಾಕಬಹುದು. ಆ ಕೊಡವುವ ಎರಡು ಸೆಕೆಂಡಿಗೆ ನಾವು ಅಂಕ ಕೊಡುವುದು. ತೋಟಕ್ಕೆ ಜಾಗ ಅಣಿ ಮಾಡುವವರಿಗೆ ನಮ್ಮ ಮೊದಲ ಆಯ್ಕೆ ಇದೇ, ನಾಲ್ಕೂವರೆ. ಅರ್ಧ ಅಂಕ ಕಳೆದದ್ದು ಟ್ರೈಲರ್ ಮೇಲೆ ಹೇರಿ ತರುವ ಖರ್ಚಿಗೆ. ಸಣ್ಣ ಜಾಗಕ್ಕೆ ಕೆಲಸದ ಬಾಡಿಗೆಗಿಂತ ಹೋಗಿಬರುವ ಬಾಡಿಗೆಯೇ ಹೆಚ್ಚಾಗಿಬಿಡುತ್ತದೆ.

ಮಲ್ಚರ್ ಬಗ್ಗೆ ಜಾಹೀರಾತು ಜೋರು, ಮತ್ತು ಒಂದು ಮಟ್ಟಿಗೆ ಅದು ನಿಜ. ಉಕ್ಕಿನ ಹಲ್ಲುಗಳಿರುವ ಡ್ರಮ್ ತಿರುಗುತ್ತಾ ನಿಂತ ಪೊದೆಯನ್ನು ನಿಂತಲ್ಲೇ ಚೂರು ಮಾಡಿ ಹರಡುತ್ತದೆ. ರಾಶಿ ಇಲ್ಲ, ಸುಡುವುದಿಲ್ಲ, ಸಾಗಿಸುವುದಿಲ್ಲ, ಮೇಲ್ಮಣ್ಣು ಇದ್ದಲ್ಲೇ ಇರುತ್ತದೆ, ಮೊದಲ ಮಳೆಗೆ ಮಣ್ಣು ಕೊಚ್ಚಿಹೋಗುವುದೂ ಇಲ್ಲ. ಆದರೆ ಇದು ಬೇರನ್ನು ಮುಟ್ಟುವುದಿಲ್ಲ. ಚಿಗುರುವ ಜಾತಿಯ ಗಿಡವಾದರೆ ಮಲ್ಚರ್ ಮಾಡಿದ್ದು ಒಂದು ಒರಟು ಕ್ಷೌರ, ಅಷ್ಟೇ. ಚೂರಿನ ಪದರ 5ರಿಂದ 10 ಸೆಂ.ಮೀ. ಇದ್ದರೆ ಒಳ್ಳೆಯದು. ಅದಕ್ಕಿಂತ ದಪ್ಪವಾದರೆ ಹುಲ್ಲು ಮೇಲೆ ಬರಲಾರದು, ಬೇಸಿಗೆಯಲ್ಲಿ ಬೆಂಕಿಗೂ ಮೇವು. ಆ ಚೂರನ್ನು ಉತ್ತು ಮಣ್ಣಿಗೆ ಸೇರಿಸಿಕೊಡುತ್ತೇವೆ ಎಂದರೆ ಬೇಡ ಎನ್ನಿ. ಹಸಿ ಕಟ್ಟಿಗೆಯಲ್ಲಿ ಇಂಗಾಲ ವಿಪರೀತ, ಸಾರಜನಕ ಅತ್ಯಲ್ಪ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಮುಂದಿನ ಬೆಳೆ ಹಳದಿಯಾಗುತ್ತದೆ. ಮೇಲೆ ಹಾಸಿಕೊಂಡೇ ಇರಲಿ. ಮನೆಯ ಗೋಡೆಯಿಂದ ಮಾತ್ರ ದೂರ, ಇಲ್ಲವಾದರೆ ಗೆದ್ದಲಿಗೆ ನೀವೇ ಔತಣ ಕೊಟ್ಟಂತೆ.

ಡೋಜರ್ ಮಣ್ಣು ಸರಿಸಲು ಹುಟ್ಟಿದ ಯಂತ್ರ. ಪೊದೆ ತೆಗೆಯಲು ಅದನ್ನು ತರುತ್ತೇನೆ ಎಂದರೆ ಮುಂದೆ ರೇಕ್ ಬ್ಲೇಡು ಇದೆಯೇ ಕೇಳಿ, ಇಲ್ಲವಾದರೆ ಅಲ್ಲಿಗೇ ನಿಲ್ಲಿಸಿ. ಮೇಕೆ ಬಿಟ್ಟು ಪೊದೆ ಮೇಯಿಸುವ ಸೇವೆಯೂ ಕೆಲವೆಡೆ ಸಿಗುತ್ತದೆ. ಕಲ್ಲುಗಾಡು, ಕಡಿದಾದ ಇಳಿಜಾರಿಗೆ ಅದು ಸರಿ. ಬೇಲಿ ಗಟ್ಟಿ ಇರಬೇಕು. ಲಂಟಾನ ತುಂಬಿದ ಜಾಗಕ್ಕೆ ಬೇಡ, ಅದರ ಎಲೆ ಮೇಕೆಗೂ ದನಕ್ಕೂ ವಿಷ.

ಮೇಲ್ಮಣ್ಣಿನ ಲೆಕ್ಕ

ಈ ಸೇವೆಯಲ್ಲಿ ಅತಿ ದೊಡ್ಡ ನಷ್ಟ ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ಒಂದು ಎಕರೆ ಎಂದರೆ ಸುಮಾರು 4047 ಚದರ ಮೀಟರ್. ಅದರ ಮೇಲಿಂದ ಬರೀ 10 ಸೆಂ.ಮೀ. ಕೆರೆದರೆ 400 ಘನಮೀಟರಿಗೂ ಹೆಚ್ಚು ಮಣ್ಣು ಹೋಯಿತು. ಅಗೆದ ಮಣ್ಣು ಉಬ್ಬುತ್ತದೆ, ನಾಲ್ಕನೇ ಒಂದು ಭಾಗ ಉಬ್ಬಿತೆಂದು ಹಿಡಿದರೆ 10 ಘನಮೀಟರಿನ ಟಿಪ್ಪರ್‌ಗಳಲ್ಲಿ ಐವತ್ತು ಲೋಡು. ಇಷ್ಟು ಒಳ್ಳೆಯ ಮಣ್ಣನ್ನು ಹೊರಗಿಂದ ತರಿಸಿದರೆ ಎಷ್ಟಾಗುತ್ತದೆ ಎಂದು ಕೇಳಿ ನೋಡಿ. ಪೊದೆ ತೆಗೆಸಿದ ಖರ್ಚು ಅದರ ಮುಂದೆ ಚಿಲ್ಲರೆ ಕಾಸು. ಗಿಡಕ್ಕೆ ಬೇಕಾದ ಸಾವಯವ ಅಂಶದ ಬಹುಪಾಲು ಇರುವುದೂ ಆ ಮೇಲಿನ ಒಂದು ಗೇಣಿನಲ್ಲೇ.

ಕೆರೆದಿದ್ದಾರೋ ಇಲ್ಲವೋ ಎಂದು ಪತ್ತೆ ಮಾಡಲು ಉಪಕರಣ ಬೇಕಿಲ್ಲ. ಕೆಲಸ ನಡೆದ ಜಾಗದ ಅಂಚಿಗೆ ಹೋಗಿ ನಿಲ್ಲಿ. ಮುಟ್ಟದ ನೆಲಕ್ಕೂ ಸವರಿದ ನೆಲಕ್ಕೂ ನಡುವೆ ಮೆಟ್ಟಿಲು ಕಂಡರೆ ಆ ಮೆಟ್ಟಿಲಿನ ಎತ್ತರವೇ ಹೋದ ಮಣ್ಣಿನ ದಪ್ಪ. ಜಾಗದ ನಡುವೆ ಹೂತ ಕಲ್ಲೋ ಹಳೆಯ ಬೇಲಿ ಕಂಬವೋ ಇದ್ದರೆ ಅದರ ಮೈ ನೋಡಿ. ಬಿಸಿಲು ಮಳೆ ತಿಂದು ಕಪ್ಪಿಟ್ಟ ಭಾಗದ ಕೆಳಗೆ ಮಣ್ಣು ಮೆತ್ತಿದ ಹೊಸ ಪಟ್ಟಿ ಕಾಣುತ್ತದೆ. ನಿನ್ನೆಯವರೆಗೆ ನೆಲ ಅಲ್ಲಿತ್ತು. ಕೊನೆಗೆ ಕಸದ ರಾಶಿಗೆ ಒಂದು ಹಾರೆ ಚುಚ್ಚಿ. ಒಳ್ಳೆಯ ರಾಶಿಯಲ್ಲಿ ಹಾರೆ ಕೊಂಬೆಗಳ ನಡುವೆ ಟೊಳ್ಳಿಗೆ ಜಾರುತ್ತದೆ. ಕೆಟ್ಟ ರಾಶಿಯಲ್ಲಿ ಮೆತ್ತಗೆ ಮಣ್ಣಿನೊಳಗೆ ಇಳಿಯುತ್ತದೆ. ಮಣ್ಣು ತುಂಬಿದ ಆ ರಾಶಿ ಕೊಂಬೆಗಳನ್ನು ಚೂರು ಮಾಡುವ ಚಿಪ್ಪರ್ ಯಂತ್ರಕ್ಕೂ ಆಗದು, ಬೇಗ ಕೊಳೆಯದು, ಅದರ ಮೇಲೆಯೇ ಮುಂದಿನ ಪೊದೆ ಹುಟ್ಟುತ್ತದೆ.

ಮಣ್ಣು ಹಸಿ ಇರುವಾಗ ಭಾರದ ಯಂತ್ರ ಬಿಡಿಸುವುದು ಎರಡನೇ ತಪ್ಪು. ಚಕ್ರದ ಅಡಿಯಲ್ಲಿ ಮಣ್ಣು ಇಟ್ಟಿಗೆಯಂತೆ ಬಿಗಿದುಕೊಂಡರೆ ನೀರು ಇಂಗುವುದಿಲ್ಲ, ಬೇರು ಇಳಿಯುವುದಿಲ್ಲ. ಹದ ನೋಡುವ ರೀತಿ ಸುಲಭ: ಒಂದು ಗೇಣು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಂಡಿ, ಆ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ. ಪುಡಿಯಾಗಿ ಒಡೆದರೆ ಮಷೀನು ಬರಲಿ. ಹಿಟ್ಟಿನಂತೆ ಚಪ್ಪಟೆಯಾದರೆ ಇನ್ನೂ ಕೆಲವು ದಿನ ಕಾಯಲಿ. "ಇವತ್ತು ಬಿಟ್ಟರೆ ಮಷೀನು ಹದಿನೈದು ದಿನ ಸಿಗೊಲ್ಲ" ಎಂಬ ಒತ್ತಡ ಬಂದೇ ಬರುತ್ತದೆ. ಹದಿನೈದು ದಿನ ದೊಡ್ಡದಲ್ಲ.

ಬುಡದ ವಿಚಾರ

ಸೇವೆ ಕೊಡುವವರಿಗೆ ಗಿಡ ಗೊತ್ತಿದೆಯೇ ಎಂದು ಪರೀಕ್ಷಿಸಲು ಒಂದು ಪ್ರಶ್ನೆ ಸಾಕು: "ಇಲ್ಲಿರುವ ಗಿಡಗಳಲ್ಲಿ ಯಾವುದು ಮತ್ತೆ ಚಿಗುರುತ್ತದೆ, ಎಲ್ಲಿಂದ?" ಲಂಟಾನ ಚಿಗುರುವುದು ಕಾಂಡ ಮತ್ತು ಬೇರು ಸೇರುವ ಗಂಟಿನಿಂದ. ನೆಲದ ಮೇಲೆ ಎಷ್ಟು ಸಲ ಕಡಿದರೂ ಅದು ಹೆಚ್ಚು ದಟ್ಟವಾಗುತ್ತದೆ. ನೆಲದಿಂದ ಕೆಳಗೆ 3ರಿಂದ 5 ಸೆಂ.ಮೀ.ನಲ್ಲಿ ತಾಯಿಬೇರನ್ನು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಟ್ಟರೆ ಆ ಗಂಟು ಸಾಯುತ್ತದೆ. ಇದಕ್ಕೆ ಗುದ್ದಲಿ ಸಾಕು, ಎಕ್ಸ್‌ಕವೇಟರ್ ಬೇಕಿಲ್ಲ. ಬಳ್ಳಾರಿ ಜಾಲಿಯ ಚಿಗುರೊಡೆಯುವ ಮೊಗ್ಗು ಇನ್ನೂ ಆಳದಲ್ಲಿ ಇರುವುದರಿಂದ ಒಂದು ಅಡಿಯಾದರೂ ಕೆಳಗಿಳಿದು ಬುಡ ಕೀಳಬೇಕು. ಬಿದಿರು ಮೆಳೆಯಲ್ಲಿ ಗಡ್ಡೆಯ ಜಾಲವೇ ಇಡಿಯಾಗಿ ಬರಬೇಕು. ಜೇಕು, ಗರಿಕೆ ತುಂಬಿದ ಕಡೆ ಉಲ್ಟಾ ಲೆಕ್ಕ. ಮಷೀನು ಓಡಿಸಿ ಗಡ್ಡೆ, ಬೇರನ್ನು ತುಂಡು ಮಾಡಿದಷ್ಟೂ ಪ್ರತಿ ತುಂಡೂ ಒಂದು ಗಿಡ.

ಕತ್ತರಿಸಿದ ಬುಡಕ್ಕೆ ಕಳೆನಾಶಕ ಬಳಿಯುವ ಸೇವೆಯನ್ನು ಕೆಲವರು ಸೇರಿಸಿಕೊಡುತ್ತಾರೆ. ಗ್ಲೈಫೋಸೇಟ್ ಅಥವಾ ಟ್ರೈಕ್ಲೋಪಿರ್ ಸಾಮಾನ್ಯ. ಇದು ಕೆಲಸ ಮಾಡುವುದು ಕಡಿದ ಕೂಡಲೇ ಬಳಿದರೆ ಮಾತ್ರ, ಐದು ನಿಮಿಷದೊಳಗೆ ಆದರೆ ಉತ್ತಮ. ಒಬ್ಬ ಕತ್ತರಿಸುತ್ತಾ ಹೋಗಬೇಕು, ಇನ್ನೊಬ್ಬ ಬ್ರಷ್ ಹಿಡಿದು ಹಿಂದೆಯೇ ಬರಬೇಕು. ಬೆಳಿಗ್ಗೆ ಎಲ್ಲ ಕಡಿದು ಸಂಜೆ ಸ್ಪ್ರೇ ಹೊಡೆದರೆ ಅಷ್ಟರಲ್ಲಿ ಗಾಯ ಒಣಗಿ ಮದ್ದು ಒಳಗೆ ಹೋಗುವುದಿಲ್ಲ, ದುಡ್ಡು ನೀರಿಗೆ ಹಾಕಿದಂತೆ. ದಪ್ಪ ಬೊಡ್ಡೆಯಲ್ಲಿ ತೊಗಟೆಯ ಒಳಗಿನ ಹಸಿ ಉಂಗುರಕ್ಕೆ ಬಳಿದರೆ ಸಾಕು, ನಡುವಿನ ಕಟ್ಟಿಗೆ ಸತ್ತದ್ದೇ. ಪಕ್ಕದಲ್ಲಿ ನೀರಿನ ಒರತೆ ಇದ್ದರೆ, ಮಳೆ ಮೋಡ ಕಟ್ಟಿದ್ದರೆ ಬೇಡ.

ಮರದ ಬೊಡ್ಡೆಗಳಿದ್ದರೆ ಕಡಿಯುವ ಮೊದಲೇ ತೀರ್ಮಾನವಾಗಬೇಕಾದ ಒಂದು ಮಾತಿದೆ. ಎಕ್ಸ್‌ಕವೇಟರ್‌ನಿಂದ ಬೊಡ್ಡೆ ಕೀಳಿಸುವುದಾದರೆ ಕಾಂಡವನ್ನು ಸೊಂಟದೆತ್ತರ, ಸುಮಾರು ಒಂದು ಮೀಟರ್, ಬಿಟ್ಟು ಕಡಿಯಬೇಕು. ಆ ಉದ್ದವೇ ಸನ್ನೆಗೋಲು. ತೋಳು ಅದನ್ನು ತಳ್ಳಿ ಅಲುಗಿಸಿದರೆ ಬೇರು ತಾನೇ ಸಡಿಲವಾಗುತ್ತದೆ. ಬೊಡ್ಡೆಯನ್ನು ಗ್ರೈಂಡರ್‌ನಿಂದ ಅರೆಸುವುದಾದರೆ ಆದಷ್ಟು ನೆಲಕ್ಕೆ ತಾಗಿಸಿ ಕಡಿಯಬೇಕು. ಚೈನ್ ಸಾ ತಂಡ ಮೊದಲ ದಿನ ಬಂದು ಎಲ್ಲವನ್ನೂ ನೆಲಸಮ ಕಡಿದುಹೋಗಿ, ಮೂರನೇ ದಿನ ಎಕ್ಸ್‌ಕವೇಟರ್ ಬಂದರೆ ಹಿಡಿಯಲು ಏನೂ ಸಿಗುವುದಿಲ್ಲ. ಪ್ರತಿ ಬೊಡ್ಡೆಯ ಸುತ್ತ ಗುಂಡಿ ತೋಡಬೇಕು, ಗಂಟೆಗಳು ಉರುಳುತ್ತವೆ, ಆ ಬಿಲ್ಲು ನಿಮಗೇ. ಎರಡು ತಂಡಗಳ ನಡುವೆ ಈ ಮಾತುಕತೆ ನಡೆಯದಿರುವುದೇ ಹೆಚ್ಚು.

ಗ್ರೈಂಡರ್ ಬೊಡ್ಡೆಯನ್ನು ನೆಲದ ಕೆಳಗೆ ಸಾಮಾನ್ಯವಾಗಿ 15ರಿಂದ 30 ಸೆಂ.ಮೀ. ಅರೆಯುತ್ತದೆ. ಹುಲ್ಲುಹಾಸಿಗೆ, ದಾರಿಗೆ ಪರವಾಗಿಲ್ಲ. ಅದರ ಮೇಲೆ ಪಾಯ ಬರುವುದಾದರೆ ಒಪ್ಪಬೇಡಿ. ಉಳಿದ ಬೇರು ಕೊಳೆತಂತೆ ನೆಲ ಕುಸಿಯುತ್ತದೆ. ಬುಡ ಪೂರ್ತಿ ಕಿತ್ತ ಗುಂಡಿಯನ್ನೂ ಒಂದೇ ಸಲ ತುಂಬಿ ಬಕೆಟ್‌ನಿಂದ ಬಡಿದು ಹೋಗುವವರಿದ್ದಾರೆ. ಹಾಗಲ್ಲ, 15ರಿಂದ 20 ಸೆಂ.ಮೀ. ದಪ್ಪದ ಪದರ ಹಾಕಿ ಪ್ರತಿಯೊಂದನ್ನೂ ದಮ್ಮಸು ಮಾಡಬೇಕು. ಗುಂಡಿಗೆ ಕೊಂಬೆ, ಬೇರು ತುಂಬಿ ಮೇಲೆ ಮಣ್ಣು ಎಳೆಯುವುದು ಈ ಕಸುಬಿನ ಅತಿ ಹಳೆಯ ಕಳ್ಳಾಟ. ಒಂದು ಉದ್ದ ಕಬ್ಬಿಣದ ಸಲಾಕೆ ಚುಚ್ಚಿದರೆ ಸಿಕ್ಕಿಬೀಳುತ್ತಾರೆ.

ಇಳಿಜಾರಿನಲ್ಲಿ ಬೊಡ್ಡೆ ಕೀಳಿಸಲೇಬೇಡಿ. ಅಲ್ಲಿ ಮಣ್ಣನ್ನು ಹಿಡಿದಿರುವುದೇ ಬೇರು. ಮೇಲೆ ಕಡಿದು ಬುಡ ಬಿಡಿ, ಆ ಬೇರು ಕೊಳೆಯುವ ಮೊದಲು ಹೊಸ ಗಿಡದ ಬೇರು ಇಳಿಯಬೇಕು. ಕಸದ ಸಾಲನ್ನು ಇಳಿಜಾರಿಗೆ ಅಡ್ಡಲಾಗಿ ಹಾಕಿಸಿದರೆ ಹರಿಯುವ ನೀರಿಗೆ ಅದೇ ಒಂದು ಒಡ್ಡು. ಮೇಲಿಂದ ಕೆಳಕ್ಕೆ ಉದ್ದಕ್ಕೆ ಹಾಕಿಸಿದರೆ ಅದೇ ನೀರಿಗೆ ಕಾಲುವೆ.

ಗಂಟೆ ಲೆಕ್ಕವೋ, ಒಟ್ಟು ಗುತ್ತಿಗೆಯೋ

ಗಂಟೆ ಬಾಡಿಗೆಗೆ ಕೊಟ್ಟರೆ ಆಪರೇಟರ್‌ಗೆ ಅವಸರ ಇರುವುದಿಲ್ಲ. ಒಟ್ಟು ಗುತ್ತಿಗೆ ಕೊಟ್ಟರೆ ಅವಸರವೇ ಅವಸರ, ಮತ್ತು ಅವಸರದಲ್ಲೇ ಮಣ್ಣು ಕೆರೆದುಹೋಗುವುದು. ಬಯಲಿನಲ್ಲಿ ಮಲ್ಚರ್ ಓಡಿಸುವ ಕೆಲಸಕ್ಕೆ ಒಟ್ಟು ಗುತ್ತಿಗೆ ಸರಿ. ಮರ, ಕಟ್ಟಡ, ಬಾವಿಯ ಹತ್ತಿರದ ಕೆಲಸಕ್ಕೆ ಗಂಟೆ ಲೆಕ್ಕವೇ ಲೇಸು.

ಗಂಟೆ ಲೆಕ್ಕವಾದರೆ ಎಂಜಿನ್ ಎಷ್ಟು ಗಂಟೆ ಓಡಿತೆಂದು ತೋರಿಸುವ ಅವರ್ ಮೀಟರ್ ಓದಲು ಕಲಿತಿರಿ. ಅದರ ಕೊನೆಯ ಅಂಕಿ ನಿಮಿಷವಲ್ಲ, ಗಂಟೆಯ ಹತ್ತನೇ ಒಂದು ಭಾಗ, ಅಂದರೆ 6 ನಿಮಿಷ. ಬೆಳಿಗ್ಗೆ 2112.4 ಇದ್ದು ಸಂಜೆ 2117.9 ಆದರೆ ಓಡಿದ್ದು 5.5 ಗಂಟೆ, ಎಂದರೆ ಐದೂವರೆ. ಇದನ್ನು "ಐದು ಗಂಟೆ ಐವತ್ತು ನಿಮಿಷ" ಎಂದು ಬರೆದುಕೊಂಡರೆ ದಿನಕ್ಕೆ 20 ನಿಮಿಷ ಸುಮ್ಮನೆ ಹೋಯಿತು. ಎಲ್ಲರೂ ಬೇಕೆಂದೇ ಹೀಗೆ ಮಾಡುತ್ತಾರೆ ಎಂದಲ್ಲ, ಹಲವು ಆಪರೇಟರ್‌ಗಳಿಗೇ ಇದು ತಿಳಿದಿರುವುದಿಲ್ಲ. ಎರಡೂ ಹೊತ್ತು ಮೀಟರಿನ ಫೋಟೋ ತೆಗೆದುಕೊಂಡರೆ ಜಗಳವೇ ಇಲ್ಲ.

ಎಂಜಿನ್ ಸುಮ್ಮನೆ ಗುರುಗುಡುತ್ತಾ ನಿಂತರೂ ಮೀಟರ್ ಓಡುತ್ತದೆ. ಕಸ ಹೊರಗೆ ಸಾಗಿಸುವ ಕೆಲಸದಲ್ಲಿ ಹಣ ಸೋರುವುದು ಇಲ್ಲೇ. ಟಿಪ್ಪರ್ ತುಂಬಲು 10 ನಿಮಿಷ, ಹೋಗಿ ಸುರಿದು ಬರಲು 40 ನಿಮಿಷ ಎಂದಿಟ್ಟುಕೊಳ್ಳಿ. ಮಷೀನು ಖಾಲಿ ನಿಲ್ಲದಿರಲು ಐದು ಟಿಪ್ಪರ್ ಬೇಕು. ಎರಡೇ ತಂದರೆ ಪ್ರತಿ 50 ನಿಮಿಷದಲ್ಲಿ 30 ನಿಮಿಷ ಎಕ್ಸ್‌ಕವೇಟರ್ ಆಕಾಶ ನೋಡುತ್ತಾ ನಿಂತಿರುತ್ತದೆ. ಸಣ್ಣ ಜಾಗಕ್ಕೆ ಐದು ಟಿಪ್ಪರ್ ಹೊಂದಿಸಲಾಗದು, ಆಗ ಮೊದಲು ಎಲ್ಲ ಕಿತ್ತು ರಾಶಿ ಹಾಕಿಸಿ, ತುಂಬುವ ಕೆಲಸವನ್ನು ಬೇರೆ ದಿನ ಸಣ್ಣ ಲೋಡರ್‌ಗೆ ಕೊಡುವುದು ಉಪಾಯ. ಪೊದೆ ಹಗುರ, ಆದರೆ ಜಾಗ ತಿನ್ನುತ್ತದೆ. ಟಿಪ್ಪರ್ ತುಂಬಿದಂತೆ ಕಂಡರೂ ಒಳಗೆ ಮುಕ್ಕಾಲು ಪಾಲು ಗಾಳಿ. ಚಿಪ್ಪರ್ ತರಿಸಿದರೆ ಲೋಡುಗಳು ಬಹಳ ಕಡಿಮೆಯಾಗುತ್ತವೆ.

ಕರಾರಿನಲ್ಲಿ ಇನ್ನೂ ಬರೆಸಬೇಕಾದವು: ಸಾಗಣೆ ಬಾಡಿಗೆ ಒಂದು ಕಡೆಯದೋ ಎರಡೂ ಕಡೆಯದೋ, ದಿನಕ್ಕೆ ಕನಿಷ್ಠ ಎಷ್ಟು ಗಂಟೆ, ಡೀಸೆಲ್ ಯಾರದು, ಮಷೀನು ಕೆಟ್ಟುನಿಂತರೆ ಅಥವಾ ಕೆಸರಲ್ಲಿ ಹೂತರೆ ಆ ಹೊತ್ತು ಯಾರ ಲೆಕ್ಕ, ಕಟ್ಟಿಗೆ ಯಾರಿಗೆ ಸೇರಿದ್ದು. ಕಟ್ಟಿಗೆಯ ಪ್ರಶ್ನೆ ಬಾಯಿಮಾತಿನಲ್ಲಿ ಬಿಟ್ಟರೆ ಕೊನೆಯ ದಿನ ಕಹಿಯಾಗುವುದು ಖಂಡಿತ. ಮರ ಕಡಿಯಲು ಅನುಮತಿ ಬೇಕಾದ ಕಡೆ ಆ ಕಾಗದವನ್ನು ಯಾರು ಮಾಡಿಸಬೇಕು ಎಂಬುದೂ ಬರಹದಲ್ಲಿರಲಿ. ಸಾಮಾನ್ಯವಾಗಿ ದಂಡ ಬೀಳುವುದು ಜಾಗದ ಮಾಲೀಕರ ಮೇಲೆ.

ಮಷೀನು ಬರುವ ಮೊದಲು

ಜಾಗ ನೋಡದೆ ಫೋಟೋದ ಮೇಲೆ ದರ ಹೇಳುವವರನ್ನು ಬಿಟ್ಟುಬಿಡಿ. ಪೊದೆಯ ಒಳಗೆ ಏನಿದೆ ಎಂಬುದು ಫೋಟೋದಲ್ಲಿ ಕಾಣದು: ಹಳೆಯ ಬೇಲಿ ತಂತಿ, ಕಲ್ಲಿನ ಗುಡ್ಡೆ, ಮುರಿದ ಪೈಪು. ಎಲ್ಲಕ್ಕಿಂತ ಅಪಾಯ ಕಟ್ಟೆಯಿಲ್ಲದ ಹಾಳು ಬಾವಿ. ಬಳ್ಳಿ ಹಬ್ಬಿ ಬಾಯಿ ಮುಚ್ಚಿಕೊಂಡಿದ್ದರೆ ಮಷೀನಿನ ಮೇಲೆ ಕೂತವರಿಗೆ ಅದು ಹಸಿರು ನೆಲವೇ. ಹಳೆಯ ನಕ್ಷೆ, ಅಕ್ಕಪಕ್ಕದ ಹಿರಿಯರ ನೆನಪು ಎರಡನ್ನೂ ಕೇಳಿ, ಬಾವಿಯ ಸುತ್ತ ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿ. ಗಡಿಕಲ್ಲುಗಳನ್ನು ಮೊದಲು ಕೈಯಿಂದ ಸವರಿ ಹುಡುಕಿ ಬಣ್ಣ ಬಳಿಸಬೇಕು, ಅವುಗಳ ಸುತ್ತ ಒಂದು ಮೀಟರ್ ಕೈಕೆಲಸವೇ ಆಗಲಿ. ಮಷೀನು ಕಿತ್ತ ಗಡಿಕಲ್ಲನ್ನು ಮತ್ತೆ ಅದೇ ಜಾಗದಲ್ಲಿ ನೆಟ್ಟೆವು ಎಂದರೆ ನೆರೆಯವರು ನಂಬಬೇಕಲ್ಲ.

ಉಳಿಸುವ ಮರಕ್ಕೆ ಬಣ್ಣದ ಪಟ್ಟಿ ಕಟ್ಟಿದರೆ ಸಾಲದು, ಬೇರಿಗೂ ಬೇಲಿ ಬೇಕು. ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ ಎಷ್ಟೋ ಅದರ ಹನ್ನೆರಡು ಪಟ್ಟು ದೂರದವರೆಗೆ ಯಂತ್ರ ಹೋಗಬಾರದು ಎಂಬುದು ಮರ ಸಂರಕ್ಷಣೆಯಲ್ಲಿ ಬಳಕೆಯಲ್ಲಿರುವ ಅಳತೆ. 30 ಸೆಂ.ಮೀ. ಅಡ್ಡಳತೆಯ ಮರಕ್ಕೆ 3.6 ಮೀಟರ್. ಬುಡಕ್ಕೆ ಮಣ್ಣು ಏರಿಸಿದರೂ, ಮೇಲಿಂದ ಮೇಲೆ ಚಕ್ರ ಓಡಿಸಿದರೂ ಮರ ಅಂದೇ ಸಾಯುವುದಿಲ್ಲ. ಎರಡು ಮೂರು ವರ್ಷದ ಮೇಲೆ ತುದಿಯಿಂದ ಒಣಗುತ್ತಾ ಬರುತ್ತದೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ.

ಬಂದ ಮಷೀನಿನ ಚೈನು, ಬಕೆಟ್‌ಗಳಲ್ಲಿ ಹಿಂದಿನ ಜಾಗದ ಒಣ ಮಣ್ಣು ಮೆತ್ತಿದ್ದರೆ ಟ್ರೈಲರ್‌ನಿಂದ ಇಳಿಸುವ ಮುಂಚೆ ತೊಳೆಸಿ. ಪಾರ್ಥೇನಿಯಂನ ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಒಂದು ಮುಷ್ಟಿ ಮಣ್ಣಿನಲ್ಲಿ ನಿಮ್ಮ ಮುಂದಿನ ಹತ್ತು ವರ್ಷದ ಕಳೆ ಬರಬಹುದು. ಈ ಮಾತು ಕೇಳಿ ನಕ್ಕವರು ಒಬ್ಬರಾದರೆ, ನೀರಿನ ಪಂಪು ತಾವೇ ತಂದವರೂ ಇದ್ದಾರೆ. ಎರಡನೆಯವರಿಗೆ ಒಂದು ಅಂಕ ಜಾಸ್ತಿ.

ಕೆಲಸದ ದಿನ ನೋಡಬೇಕಾದ್ದು ಕಡಿಮೆ, ಆದರೆ ತಪ್ಪಿಸಬಾರದು. ಒಂದು ಬದಿಯಿಂದ ಶುರುಮಾಡಿ ಬಯಲಿನ ಅಥವಾ ಕಾಡಿನ ಕಡೆಗೆ ಸಾಗಬೇಕು. ಸುತ್ತಲಿಂದ ಕಡಿಯುತ್ತಾ ನಡುವಿಗೆ ಬಂದರೆ ಹಾವು, ಮೊಲ ಎಲ್ಲ ಕೊನೆಯ ಪೊದೆಯಲ್ಲಿ ಸಿಕ್ಕಿಬೀಳುತ್ತವೆ, ಆ ಕೊನೆಯ ಪೊದೆಗೆ ಕೈ ಹಾಕುವವರ ಗತಿ ಯೋಚಿಸಿ. ಬ್ರಷ್ ಕಟರ್ ಓಡುವಾಗ 15 ಮೀಟರ್ ಒಳಗೆ ಬೇರೆ ಯಾರೂ ಇರಬಾರದು. ಮಲ್ಚರ್‌ಗೆ ಆ ಲೆಕ್ಕ ಸಾಲದು, 90 ಮೀಟರ್‌ನಷ್ಟು ದೂರ ಇರಿ ಎಂದು ಕೈಪಿಡಿಗಳೇ ಹೇಳುತ್ತವೆ. ಅದು ಎಸೆಯುವ ಕಟ್ಟಿಗೆಯ ಚೂರು, ಕಲ್ಲು ಕಾರಿನ ಗಾಜನ್ನು ದೂರದಿಂದಲೇ ಒಡೆಯುತ್ತದೆ. ಹೆಲ್ಮೆಟ್, ಮುಖದ ಜಾಲರಿ, ಚೈನ್ ಸಾ ಹಿಡಿದವರ ಕಾಲಿಗೆ ರಕ್ಷಾಕವಚ ಇಲ್ಲದ ತಂಡವನ್ನು ದರ ಎಷ್ಟೇ ಕಡಿಮೆ ಇರಲಿ ಒಳಗೆ ಬಿಡಬೇಡಿ. ವಿಮೆಯ ಪತ್ರದ ದಿನಾಂಕ ಮುಗಿದಿಲ್ಲವೇ ಎಂದೂ ನೋಡಿ.

ಎರಡನೇ ಭೇಟಿ

ಇಡೀ ಸೇವೆಯಲ್ಲಿ ನಾವು ಅತಿ ಹೆಚ್ಚು ಬೆಲೆ ಕೊಡುವುದು ಹೆಚ್ಚಿನವರು ಕೊಡದೇ ಇರುವ ಒಂದು ಭಾಗಕ್ಕೆ. ಮಳೆ ಬಿದ್ದು ಆರರಿಂದ ಎಂಟು ವಾರಕ್ಕೆ ಉಳಿದ ಬುಡಗಳು ಚಿಗುರಿ ಮೊಣಕಾಲೆತ್ತರ ಬರುತ್ತವೆ, ಜತೆಗೆ ಮಣ್ಣಲ್ಲಿ ಮಲಗಿದ್ದ ಬೀಜಗಳೂ ಬೆಳಕು ಕಂಡು ಏಳುತ್ತವೆ. ಅದೇ ಹೊತ್ತಿಗೆ ಇಬ್ಬರು ಜನ ಗುದ್ದಲಿ ಹಿಡಿದು ಒಂದು ದಿನ ಓಡಾಡಿದರೆ ಮುಗಿಯುವ ಕೆಲಸ, ಒಂದು ವರ್ಷ ಬಿಟ್ಟರೆ ಮತ್ತೆ ಮಷೀನಿನ ಕೆಲಸ. ಬೆಲೆ ಹೇಳುವಾಗಲೇ ಈ ಎರಡನೇ ಸುತ್ತನ್ನು ಸೇರಿಸಿ ಹೇಳುವ ತಂಡ ಸಿಕ್ಕರೆ ಉಳಿದವರಿಗಿಂತ ಸ್ವಲ್ಪ ಹೆಚ್ಚು ಕೇಳಿದರೂ ಕೊಡಿ. ಸೇರಿಸದಿದ್ದರೆ ಒಟ್ಟು ಹಣದಲ್ಲಿ ಹತ್ತನೇ ಒಂದು ಭಾಗ ಹಿಡಿದಿಟ್ಟು, ಎಂಟನೇ ವಾರ ಜತೆಗೆ ನಿಂತು ಚಿಗುರು ಎಣಿಸಿದ ಮೇಲೆ ಕೊಡುತ್ತೇವೆ ಎಂದು ಬರೆಸಿಕೊಳ್ಳಿ. ಎಣಿಸುವುದು ಕಷ್ಟವಿಲ್ಲ: ಹತ್ತು ಮೀಟರ್ ಉದ್ದಗಲದ ನಾಲ್ಕು ಚೌಕಕ್ಕೆ ಗೂಟ ಹೊಡೆದು, ಪ್ರತಿ ಚೌಕದಲ್ಲಿ ಬುಡದಿಂದ ಚಿಗುರಿದ್ದು ಎಷ್ಟು, ಬೀಜದಿಂದ ಹುಟ್ಟಿದ್ದು ಎಷ್ಟು ಎಂದು ಬೇರೆ ಬೇರೆ ಬರೆಯಿರಿ. ಎಳೆದರೆ ಬೇರುಸಹಿತ ಸಲೀಸಾಗಿ ಕೈಗೆ ಬಂದದ್ದು ಬೀಜದ ಗಿಡ, ಅದರ ಹೊಣೆ ಅವರದಲ್ಲ. ಎಳೆದಾಗ ಅಲುಗದೆ ಅಂಗೈ ಉರಿಸಿದ್ದು ಅವರು ಬಿಟ್ಟುಹೋದ ಬುಡ.